ಕಚ್ಚಿದ ನಾಯಿಯ ಕ್ಷೇಮ ಸಮಾಚಾರ

ನನ್ನನ್ನು ಕಚ್ಚಿದ ನಾಯಿ ಚೆನ್ನಾಗಿರಲಿ, ಹೊಟ್ಟೆ ತುಂಬ ತಿನ್ನಲಿ, ನೂರು ಕಾಲ ಬಾಳಲಿ ಎಂದು ನಾನು ದೇವರಲ್ಲಿ ಬೇಡಿಕೊಂಡಷ್ಟು ಹೆತ್ತ ಮಕ್ಕಳಿಗಾಗಿಯೂ ಬೇಡಿಕೊಂಡವಳಲ್ಲ. ಹೀಗೆಂದರೆ ಜನ ನಗುತ್ತಾರೆ. ನಗಲಿ. ಎಲ್ಲೋ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಕೈಗೋ ಕಾಲಿಗೋ ಪಟ್ಟಿ ಕಟ್ಟಿಸಿಕೊಂಡು, ಲೋಟದ ನೀರನ್ನು ಅನುಮಾನದಿಂದ ನೋಡುತ್ತ ಕೂತವರು ಇದನ್ನು ಓದಿದರೆ ಅವರು ನಗಲಾರರು. ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರೋಣ ಎಂದು ಬರೆಯುತ್ತಿದ್ದೇನೆ. ನನ್ನ ಎಡಗೈ ಹೆಬ್ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅದೊಂದು ಬಿಟ್ಟರೆ ಗಟ್ಟಿಯಾಗಿದ್ದೇನೆ.

ತೆಲುಗು ಸೀಮೆಯ ಪೆದ್ದಕಡುಬೂರು ಮಂಡಲದ ಒಂದು ಕನ್ನಡ ಹಳ್ಳಿಗೆ ನಾನು ಸರ್ಪಂಚ್. ಹೆಂಗಸರಿಗೆ ಮೀಸಲಾಗಿ ಬಂದ ಕುರ್ಚಿ. ನಮ್ಮ ಮನೆಯವರು ಹತ್ತಿ ಬೆಳೆಯುವವರು. ಯಾರಾದರೂ ಅವರನ್ನು ಸರ್ಪಂಚ್ ಎಂದು ಕರೆದರೆ, "ನಾನಲ್ಲೋ, ಆಕಿ. ನಾನು ಬರೇ ಗಾಡಿ ಹೊಡಿಯವ" ಎಂದು ನನ್ನ ಕಡೆ ಕೈ ತೋರಿಸುವಷ್ಟು ಒಳ್ಳೆಯವರು. ಕುರ್ಚಿಯಲ್ಲಿ ಕೂತ ಮೇಲೆ ನನಗೆ ತಿಳಿದದ್ದು ಇಷ್ಟು: ಊರಿನ ಆರೋಗ್ಯ ಎಂದರೆ ಮೋರಿ, ನಲ್ಲಿ, ಸೊಳ್ಳೆ, ಕಸ, ಮತ್ತು ನಾಯಿ. ಮೊದಲ ನಾಲ್ಕಕ್ಕೆ ಜನ ಬೈಯುತ್ತಾರೆ, ನಾಯಿಯ ವಿಷಯಕ್ಕೆ ಮಾತ್ರ ಅವರವರೇ ಹೊಡೆದಾಡುತ್ತಾರೆ.

ಗ್ರಾಮಸಭೆಯಲ್ಲಿ ಅರ್ಧ ಊರು "ವಿಷ ಹಾಕಿಸ್ರಿ, ಪೀಡಾ ಹೋಗ್ಲಿ" ಎಂದಿತು. ಈ ಗುಂಪಿಗೆ ನಮ್ಮ ಉಪಸರ್ಪಂಚರೇ ಮುಂದಾಳು. ಉಳಿದರ್ಧ ಊರಿಗೆ ಮಲ್ಲಯ್ಯ ಮನೆದೇವರು, ನಾಯಿ ಮಲ್ಲಯ್ಯನ ಬೆನ್ನ ಹಿಂದೆ ನಡೆಯುವ ಪ್ರಾಣಿ. ಅವರು "ಮುಟ್ಟಿದ್ರ ನೋಡ್ರಿ" ಎಂದರು. ಕೊಲ್ಲುವುದಕ್ಕೆ ಕಾನೂನಿಲ್ಲ, ಸುಮ್ಮನಿರುವುದಕ್ಕೆ ನನಗೆ ಮನಸ್ಸಿಲ್ಲ. ಮಂಡಲದ ಪಶುವೈದ್ಯರನ್ನು ಕರೆಸಿ ಊರಿನ ಎಲ್ಲ ನಾಯಿಗಳಿಗೂ ಹುಚ್ಚಿನ ಲಸಿಕೆ ಹಾಕಿಸುವುದೆಂದು ಠರಾವು ಮಾಡಿಸಿದೆ. ಅದನ್ನು ಮಾಡಿಸಿದ ದಿನ ನನ್ನಷ್ಟು ಬೀಗಿದವರು ಊರಲ್ಲಿ ಯಾರೂ ಇರಲಿಲ್ಲ.

ಶಿಬಿರದ ದಿನ ಪಂಚಾಯಿತಿ ಕಚೇರಿಯ ಅಂಗಳಕ್ಕೆ ಬೀದಿನಾಯಿಗಳು ಬಂದವು, ಸಾಕಿದ ನಾಯಿಗಳು ಬಂದವು. ಕುರಿಗಾರರು ಮಾತ್ರ ತಮ್ಮ ನಾಯಿಗಳನ್ನು ಹಗ್ಗದಲ್ಲಿ ಹಿಡಿದು ದೂರ ನಿಂತರು. ಸೂಜಿ ಚುಚ್ಚಿಸಿಕೊಂಡ ನಾಯಿ ಮೆತ್ತಗಾಗುತ್ತದೆ, ತೋಳ ಬಂದರೂ ಬಾಲ ಅಲ್ಲಾಡಿಸುತ್ತದೆ ಎಂದು ಅವರೊಳಗೆ ಸುದ್ದಿ ಹಬ್ಬಿತ್ತು. ಅವರ ಹಿರಿಯ ಲಿಂಗಪ್ಪ. ಅವನ ನಾಯಿ ಭೈರ, ಕರುವಿನಷ್ಟು ಎತ್ತರ. ಲಿಂಗಪ್ಪನೊಬ್ಬ ಬಂದರೆ ಎಲ್ಲರೂ ಬರುತ್ತಾರೆಂದು ನಾನೇ ಹೋಗಿ ಅವನ ಕೈಯಿಂದ ಹಗ್ಗ ತೆಗೆದುಕೊಂಡೆ. "ಬ್ಯಾಡ್ರಿ ಅಮ್ಮಾ, ಅದಕ್ಕ ನಿಮ್ಮ ವಾಸನಿ ಗೊತ್ತಿಲ್ಲ" ಎಂದ. ನಾನು ನಕ್ಕು ಭೈರನ ತಲೆ ಸವರಿದೆ. ಮುಂದಿನದ್ದು ಕಣ್ಣಿಗೆ ಕಾಣುವಷ್ಟರಲ್ಲಿ ಮುಗಿದಿತ್ತು. ಅಂಗೈ ಮತ್ತು ಹೆಬ್ಬೆರಳಿನ ಬುಡದಲ್ಲಿ ಹಲ್ಲು ಇಳಿದಿತ್ತು. ಭೈರ ಲಸಿಕೆಯಿಲ್ಲದೆ, ಹಗ್ಗದ ಸಮೇತ ಹೊಲಗಳ ಕಡೆ ಓಡಿಹೋಗಿತ್ತು.

ಪಶುವೈದ್ಯರು ಗಾಯ ತೊಳೆಯಲು "ಸಬ್ಬು, ನೀರು" ಎಂದು ಕೂಗುತ್ತಿದ್ದರು. ಆದರೆ ಜನ ನನ್ನನ್ನು ನಲ್ಲಿಯ ಕಡೆ ಬಿಡಲಿಲ್ಲ, ಎತ್ತಿಕೊಂಡವರಂತೆ ಮನೆಗೆ ಕರೆದುಕೊಂಡು ಹೋದರು. ಮನೆಯಲ್ಲಿ ನನ್ನ ಅತ್ತೆ ಆಗಲೇ ದೇವರ ಗೂಡಿನಿಂದ ಭಂಡಾರದ ಚೀಲ ತೆಗೆದಿದ್ದರು. ಮಲ್ಲಯ್ಯನ ಪಾದಕ್ಕೆ ಹಾಕಿದ ಅರಿಶಿನದ ಪುಡಿಯೇ ಭಂಡಾರ. ನಮ್ಮಲ್ಲಿ ತಲೆನೋವಿಗೂ ಅದೇ, ಮದುವೆಗೂ ಅದೇ.

"ಕಚ್ಚಿದ್ದು ಮಲ್ಲಯ್ಯನ ನಾಯಿ. ಅದಕ್ಕ ಮಲ್ಲಯ್ಯನ ಭಂಡಾರಾನ ಮದ್ದು. ಅಳಬ್ಯಾಡ, ಕೈ ಚಾಚು" ಎಂದರು ಅತ್ತೆ. ಗಾಯದೊಳಕ್ಕೆ ಹಿಡಿಹಿಡಿಯಾಗಿ ಭಂಡಾರ ತುಂಬಿ, ಮಡಿ ಸೀರೆಯ ಅಂಚು ಹರಿದು ಬಿಗಿಯಾಗಿ ಕಟ್ಟಿದರು. ಊರಿಗೆಲ್ಲ ಲಸಿಕೆಯ ಪಾಠ ಹೇಳಿದ ನಾನು ಕೈ ಚಾಚಿ ಕೂತಿದ್ದೆ. ಆ ಹೊತ್ತಿನಲ್ಲಿ ನನಗೂ ಅದು ತಂಪೆನಿಸಿತು.

ನಮ್ಮ ಮನೆಯವರು ಹೊಲದಿಂದ ಬಂದವರೇ ತಮ್ಮ ಅಮ್ಮನ ಮೇಲೆ ರೇಗಿ ನಮ್ಮಿಬ್ಬರನ್ನೂ ಗಾಡಿಗೆ ಹತ್ತಿಸಿ ಆದೋನಿಯ ಆಸ್ಪತ್ರೆಗೆ ಒಯ್ದರು. ಡಾಕ್ಟರು ಹುಡುಗಿಯಂತಿದ್ದ ಹೆಂಗಸು. ಪಟ್ಟಿ ಬಿಚ್ಚಿದವರೇ "ಎವರಮ್ಮಾ ಈ ಪಸುಪು ಪೆಟ್ಟಿಂದಿ?" ಎಂದು ತೆಲುಗಿನಲ್ಲಿ ಕೇಳಿದರು. "ನಾನ ಹಚ್ಚೀನಿ ಅರಿಶಿನ. ಬರೇ ಅರಿಶಿನಲ್ಲ, ಭಂಡಾರ" ಎಂದರು ಅತ್ತೆ, ಜಗಳಕ್ಕೆ ನಿಂತವರಂತೆ. ಡಾಕ್ಟರು ಅಲ್ಲೇ ಹತ್ತಿರದ ಆಲೂರು ಕಡೆಯವರಂತೆ. ತಟ್ಟನೆ ನಮ್ಮ ಕನ್ನಡಕ್ಕೆ ಹೊರಳಿದರು.

"ತೊಳದ್ರ ಮಲ್ಲಯ್ಯ ಸಿಟ್ಟಾಗಂಗಿಲ್ಲಮ್ಮ. ತೊಳೀಲಿಲ್ಲಂದ್ರ ನಾನು ಸಿಟ್ಟಾಗತೀನಿ. ನೀವಽ ಹಿಡೀರಿ ಈಕಿ ಕೈ, ನಲ್ಲಿ ಕೆಳಗ."

ಅತ್ತೆ ಹಿಡಿದರು. ತಾವೇ ತುಂಬಿದ ಭಂಡಾರವನ್ನು ತಾವೇ ಸಾಬೂನು ಹಚ್ಚಿ ತೊಳೆದರು. ಬಚ್ಚಲಲ್ಲಿ ಹಳದಿ ನೀರು ಹರಿಯಿತು. "ಇನ್ನೂ, ಇನ್ನೂ" ಎನ್ನುತ್ತಿದ್ದರು ಡಾಕ್ಟರು. ನನ್ನ ನೋವನ್ನಾದರೂ ತಡೆದೆ, ಅತ್ತೆಯ ಮುಖ ನೋಡಲಾಗಲಿಲ್ಲ.

ಆಮೇಲೆ ತೋಳಿಗೊಂದು ಸೂಜಿ, ಗಾಯದ ಸುತ್ತ ಹಲವು ಸೂಜಿ. ಗಾಯದೊಳಕ್ಕೆ ಇಳಿಸಿದ ಔಷಧಿ ಎಲ್ಲಿಂದ ಬರುತ್ತದೆಂದು ಕೇಳಿದೆ, ಮಾತಾಡಿದರೆ ನೋವು ಮರೆಯುತ್ತದೆಂದು. "ಕುದುರಿ ರಕ್ತದಿಂದ ತಗೀತಾರ" ಎಂದರು. ನಾನು ಬೆರಗಾಗಿ ಕೂತೆ. ಎಲ್ಲಿಯದೋ ಒಂದು ಕುದುರೆ. ಅದು ನನ್ನನ್ನು ಕಂಡಿಲ್ಲ, ನಾನು ಅದನ್ನು ಕಂಡಿಲ್ಲ. ಅದರ ಮೈಯ ಬಲ ಬಾಟಲಿಯಲ್ಲಿ ಆದೋನಿಯವರೆಗೆ ಬಂದು, ನನ್ನ ಅಂಗೈಯ ಬಾಗಿಲಲ್ಲಿ ಕಾವಲು ನಿಲ್ಲುತ್ತಿದೆ. ಇಂಥ ಲೋಕದಲ್ಲಿ ನಾನಿದ್ದೇನೆಂದು ಅಲ್ಲಿಯತನಕ ನನಗೆ ಗೊತ್ತೇ ಇರಲಿಲ್ಲ.

ಹೊರಡುವಾಗ ಡಾಕ್ಟರು ಕೇಳಿದರು, "ನಾಯಿ ಎಲ್ಲೈತಿ?"

"ಓಡಿಹೋತು."

"ಹುಡುಕ್ರಿ. ಯಾರೂ ಹೊಡಿಬಾರದು. ಹತ್ತು ದಿನ ಕಟ್ಟಿಹಾಕಿ ನೋಡ್ರಿ. ಅದು ಉಂಡು ತಿಂದು ಚಂದಾಗಿದ್ರ ನಿಮಗ ಭಯ ಇಲ್ಲ. ಹೆಂಗಿದ್ರೂ ಸೂಜಿ ಮಾತ್ರ ಬಿಡಬ್ಯಾಡ್ರಿ."

"ಅದು ಸತ್ರ?" ಎಂದೆ. ಅವರು ಸ್ವಲ್ಪ ತಡೆದು, "ಸತ್ರೂ ನಿಮ್ಮ ಔಷಧಿ ನಡದೈತಿ, ಧೈರ್ಯ ಇರ್ಲಿ" ಎಂದರು. ಆ ತಡೆದದ್ದನ್ನೇ ನಾನು ಮನೆಯವರೆಗೂ ಮೆಲುಕು ಹಾಕಿದೆ.

ನನಗೆ ಭಯವಾಗಲು ಕಾರಣವಿತ್ತು. ನನ್ನ ತವರು ಸಿ. ಬೆಳಗಲ್. ಚಿಕ್ಕವಳಿದ್ದಾಗ ಪಕ್ಕದ ಮನೆಯ ಹೆಂಗಸಿಗೆ ಮರಿನಾಯಿ ಪರಚಿತ್ತು. ಯಾರೂ ಲೆಕ್ಕಕ್ಕಿಡಲಿಲ್ಲ. ಕೆಲವು ತಿಂಗಳ ಮೇಲೆ ಆಕೆಯನ್ನು ಕತ್ತಲ ಕೋಣೆಯಲ್ಲಿ ಹಾಕಿದರು. ಬಾಯಾರಿ ಅಳುತ್ತಿದ್ದಳು, ಚೊಂಬು ಹತ್ತಿರ ತಂದರೆ ಚೀರುತ್ತಿದ್ದಳು. ಆ ಚೀರು ಒಮ್ಮೆ ಕಿವಿಗೆ ಬಿದ್ದವರಿಗೆ ಯಾವ ಡಾಕ್ಟರ ಧೈರ್ಯವೂ ಪೂರ್ತಿ ಸಾಲುವುದಿಲ್ಲ.

ಊರಿಗೆ ಬರುವಷ್ಟರಲ್ಲಿ ಪಂಚಾಯಿತಿ ಮುಂದೆ ಜಾತ್ರೆಯಂತೆ ಜನ. ಕೆಲವರ ಕೈಯಲ್ಲಿ ಕೋಲು. ಉಪಸರ್ಪಂಚರು ಎತ್ತರದ ದನಿಯಲ್ಲಿ ಹೇಳುತ್ತಿದ್ದರು, "ಸರ್ಪಂಚಮ್ಮನ್ನ ಕಚ್ಚಿದ ಮ್ಯಾಲೆ ಇನ್ನೇನು ನೋಡೋದೈತಿ? ಆ ನಾಯಿನ್ನ ಮೊದಲು, ಉಳಿದವನ್ನ ಆಮ್ಯಾಲೆ. ನಿರ್ಣಯ ಬರೀರಿ." ನಾನು ಗಾಡಿಯಿಂದ ಇಳಿದು ನೆಟ್ಟಗೆ ಒಳಗೆ ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ಕೈ ಉರಿಯುತ್ತಿತ್ತು.

"ನನ್ನ ಜೀವ ಈಗ ಆ ನಾಯಿ ಒಳಗೈತಿ. ಅದನ್ನ ಹೊಡದ್ರ ನನ್ನ ಹೊಡದಂಗ. ಈ ಕುರ್ಚಿಯಾಗ ನಾನಿರೋತನಕ ಒಂದು ನಾಯಿ ಮ್ಯಾಲೂ ಕೋಲು ಏಳಬಾರದು" ಎಂದೆ. ಕೋಲು ಹಿಡಿದವರು ಒಬ್ಬೊಬ್ಬರೇ ಅವನ್ನು ಗೋಡೆಗೆ ಒರಗಿಸಿದರು. ಉಪಸರ್ಪಂಚರು ನಿರ್ಣಯದ ಪುಸ್ತಕ ಮುಚ್ಚಿದರು. ನಾನು ಗೆದ್ದೆನೆಂದುಕೊಂಡೆ.

ಆದರೆ ಲಿಂಗಪ್ಪನ ಕಿವಿಗೆ ಬಿದ್ದದ್ದು ಸಭೆಯ ಮೊದಲ ಅರ್ಧ ಮಾತ್ರ. ನಮ್ಮ ಮನೆಯವರು ಮರುದಿನದಿಂದ ನಾಯಿ ಹುಡುಕಿಕೊಂಡು ಅವನ ಹಟ್ಟಿಗೆ ಓಡಾಡಿದರು. ಮೊದಲು "ಇನ್ನೂ ಬಂದಿಲ್ರೀ" ಎಂದ. ಕೊನೆಗೊಂದು ದಿನ ನೆಲ ನೋಡುತ್ತ ಹೇಳಿದ, "ಸತ್ತೋತ್ರಿ ಗೌಡ್ರ. ಗುಡ್ಡದ ಮಗ್ಗಲಿಗೆ ಹೂತು ಬಂದೆ."

ಅವರು ಅದನ್ನು ನನಗೆ ಹೇಳಲಿಲ್ಲ. ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಬೆಣ್ಣೆಯ ಮೇಲೆ ಬೆಣ್ಣೆ ಹಾಕಿದರು. ಮದುವೆಯಾದಂದಿನಿಂದ ಆ ಕೈ ಬೆಣ್ಣೆ ಬಡಿಸಿದ್ದಿಲ್ಲ. "ಏನಾಗೇತಿ ಹೇಳ್ರಿ" ಎಂದೆ. ಅವರು ಎದ್ದು ಹೊರಗೆ ಹೋದರು, ಕೈ ಕೂಡ ತೊಳೆಯದೆ. ಅತ್ತೆಯೇ ಹೇಳಬೇಕಾಯಿತು.

ಆಮೇಲಿನ ದಿನಗಳನ್ನು ಹೇಗೆ ಬರೆಯಲಿ? ಪಶುವೈದ್ಯರು ನಾಯಿಯನ್ನು ಅಗೆದು ತೆಗೆದು ತಲೆಯನ್ನು ಪರೀಕ್ಷೆಗೆ ಕಳಿಸಬೇಕೆಂದರು. ಹೂತ ಜಾಗ ತೋರಿಸಲು ಲಿಂಗಪ್ಪನೇ ಇರಲಿಲ್ಲ. ಕುರಿ ಹೊಡೆದುಕೊಂಡು ಮೇವಿಗೆ ಹೋಗಿದ್ದ, ಫೋನು ಬಂದ್ ಆಗಿತ್ತು. ನೆಂಟರು ಬಂದರು. ಬದನೆಕಾಯಿ ಬಿಡು ಎಂದರು ಒಬ್ಬರು, ಕನ್ನಡಿ ನೋಡಬೇಡ ಎಂದರು ಇನ್ನೊಬ್ಬರು. ನನ್ನ ಸೋದರತ್ತೆಯೊಬ್ಬಳು ನಾಯಿ ಕಚ್ಚಿದವರ ಹೊಟ್ಟೆಯಲ್ಲಿ ಮರಿಗಳಾಗುತ್ತವೆಂದು ನಂಬಿದವಳು. ನನ್ನ ಹೊಟ್ಟೆಯನ್ನೇ ನೋಡುತ್ತ ಕೂತಿದ್ದಳು. ನಾನು ಕೆಮ್ಮಿದರೆ ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ಕೆಮ್ಮು ಬೊಗಳಿದಂತಿತ್ತೇ ಎಂದು ನನಗೇ ಅನುಮಾನ ಬರುತ್ತಿತ್ತು.

ನೀರು ಕುಡಿಯುವುದು ದೊಡ್ಡ ಪರೀಕ್ಷೆಯಾಯಿತು. ಲೋಟ ಎತ್ತುತ್ತಿದ್ದೆ, ಗಂಟಲನ್ನು ಕಾಯುತ್ತಿದ್ದೆ. ಇಳಿಯಿತು. ಬದುಕಿದೆ. ಇನ್ನೊಂದು ಗುಟುಕು. ಹುಟ್ಟಿದಾಗಿನಿಂದ ನೀರು ಕುಡಿದಿದ್ದೇನೆ, ಒಂದು ಗುಟುಕು ಗಂಟಲಲ್ಲಿ ತಾನಾಗಿ ಇಳಿಯುವುದು ಎಷ್ಟು ದೊಡ್ಡ ಕೃಪೆಯೆಂದು ಆಗಲೇ ಕಂಡದ್ದು. ಕಣ್ಣಿಗೆ ಕಾಣದ ಒಂದು ಜೀವಿ ನನ್ನ ಅಂಗೈಯಿಂದ ತಲೆಯ ಕಡೆ ಹೊರಟಿರಬಹುದು, ಇತ್ತ ಕುದುರೆಯ ಕಾವಲು, ಸೂಜಿಯ ಕಾವಲು ಅದನ್ನು ಅಡ್ಡಗಟ್ಟುತ್ತಿರಬಹುದು. ನನ್ನ ಮೈಯೊಳಗೇ ಇಷ್ಟೆಲ್ಲ ನಡೆಯುತ್ತಿದ್ದರೂ ನಾನು ಮಾತ್ರ ಏನೂ ಗೊತ್ತಾಗದೆ ರೊಟ್ಟಿ ಮುರಿಯುತ್ತಿದ್ದೆ. ಭಯದ ನಡುವೆಯೂ ನನಗೆ ಅದು ಸೋಜಿಗವೆನಿಸಿತು.

ಅತ್ತೆ ದೇವರ ಗೂಡಿಗೆ ದೀಪ ಹಚ್ಚುತ್ತಿದ್ದರು, ಆದರೆ ಹಣೆಗೆ ಭಂಡಾರ ಇಟ್ಟುಕೊಳ್ಳುವುದನ್ನು ನಿಲ್ಲಿಸಿದರು. ಮಲ್ಲಯ್ಯನ ಮೇಲೆ ಅವರಿಗೆ ಕೋಪ ಬಂದಿತ್ತು.

ಮೂರನೆಯ ಸೂಜಿಯ ದಿನ ನಮ್ಮ ಮನೆಯವರು ಅತ್ತೆಯನ್ನೂ ನನ್ನನ್ನೂ ಗಾಡಿಯಲ್ಲಿ ಆದೋನಿಗೆ ಕರೆದೊಯ್ದರು. ಆ ಬೆಂಚಿನ ಮೇಲೆ ಕೂರುವವರದ್ದು ಬೇರೆಯೇ ಬಳಗ. ಕೋತಿ ಕಚ್ಚಿದ ಮುದುಕ, ಬೆಕ್ಕು ಪರಚಿದ ಮದುಮಗಳು, ಮೊಣಕಾಲಿಗೆ ಪಟ್ಟಿ ಕಟ್ಟಿದ ಲಾರಿ ಡ್ರೈವರು. ಹೇಗಿದ್ದೀರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. "ನಿಮ್ಮ ನಾಯಿ ಹೆಂಗೈತ್ರಿ?" ಎಂದು ಕೇಳುತ್ತಾರೆ. "ಬೇಷೈತಿ, ನಿನ್ನೆ ಕೋಳಿ ಕದ್ದೈತಿ" ಎಂದರೆ ಬೆಂಚಿಗೆಲ್ಲ ಸಮಾಧಾನ. ಅವತ್ತು ಡ್ರೈವರು ನನ್ನನ್ನು ಕೇಳಿದ. "ಸತ್ತೈತಿ" ಎಂದೆ. ಬುರ್ಖಾ ಹಾಕಿದ ಹೆಂಗಸೊಬ್ಬಳು ಸರಿದು ಬಂದು ನನ್ನ ಒಳ್ಳೆಯ ಕೈ ಹಿಡಿದು, "ಘಬರಾನಾ ನೈ ಬೆಹನ್, ಅಲ್ಲಾ ಹೈ" ಎಂದು ಧೈರ್ಯ ಹೇಳಿದಳು. ನನ್ನ ಹೆಸರು ಕರೆಯುವತನಕ ಆ ಕೈ ಬಿಡಲಿಲ್ಲ.

ಸೂಜಿ ಹಾಕಿಸಿಕೊಂಡು ಹೊರಗೆ ಬಂದರೆ ಬಾಗಿಲ ಪಕ್ಕದಲ್ಲಿ ಹೆಗಲ ಮೇಲೆ ಕಂಬಳಿ ಹೊತ್ತು ಲಿಂಗಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ನನ್ನನ್ನು ಕಂಡು ಎದ್ದ. ಮುಖ ಎತ್ತಲಿಲ್ಲ.

"ಅಮ್ಮಾರ, ಭೈರ ಸತ್ತಿಲ್ಲ."

ನನಗೆ ಅರ್ಥವಾಗಲಿಲ್ಲ. "ಏನಂದಿ?"

"ಸುಳ್ಳು ಹೇಳಿದ್ನಿ. ಕೋಲು ತಗಂಡು ಹೊಂಟಾರಂತ ಕೇಳಿದ್ನಿ. ಸತ್ತೋತು ಅಂದ್ರ ಹುಡುಕೋದು ಬಿಡ್ತಾರ, ನಾಯಿ ಉಳೀತೈತಿ ಅಂದ್ಕಂಡ್ನಿ. ಹಾಲಹರವಿಯಾಗ ಮಗಳ ಮನ್ಯಾಗ ಕಟ್ಟಿ ಬಂದೀನಿ. ನಾಯಿ ಸತ್ರ ಸರ್ಪಂಚಮ್ಮನೂ ಸತ್ತಂಗ ಅಂತ ನಿನ್ನೆ ಮೇವಿನ ಕಡೆ ಒಬ್ಬ ಅಂದ. ನನಗೇನ್ ಗೊತ್ರೀ ಅಮ್ಮಾ? ನಾಯಿಗೂ ನಿಮಗೂ ಹಿಂಗ ಗಂಟು ಬಿದ್ದೈತಂತ ನನಗೇನ್ ಗೊತ್ತು?" ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು.

ಅತ್ತೆ ಮುಂದೆ ನುಗ್ಗಿ ಅವನ ಕಂಬಳಿ ಹಿಡಿದು ಜಗ್ಗಿ, "ಮನಿಹಾಳ, ನನ್ನ ಸೊಸಿನ್ನ ಜೀವಂತ ಹೂತ್ಯಲ್ಲೋ!" ಎಂದು ಎರಡು ಬಾರಿಸಿದರು. ಬಾರಿಸಿದವರೇ ಅವನ ಮುಖಕ್ಕೆ ನಿವಾಳಿಸಿ ತಮ್ಮ ನೆತ್ತಿಗೆ ಲಟಿಕೆ ಮುರಿದುಕೊಂಡರು. "ನಿನ್ನ ಬಾಯಾಗ ಸಕ್ಕರಿ ಬೀಳ್ಲಿ" ಎಂದರು. ಲಿಂಗಪ್ಪನಿಗೆ ಯಾವುದಕ್ಕೆ ಅಳಬೇಕೋ ತಿಳಿಯಲಿಲ್ಲ. ಒಳಗೆ ಬೆಂಚಿನ ಮೇಲಿಂದ ಡ್ರೈವರು ಕೂಗಿದ, "ಈ ಅಕ್ಕನ ನಾಯಿ ಬದುಕೈತಂತ್ರೋ!" ಕೋತಿ ಕಚ್ಚಿದ ಮುದುಕ ಚಪ್ಪಾಳೆ ತಟ್ಟಿದ. ನರ್ಸಮ್ಮ ಹೊರಗೆ ಬಂದು ಗದರಿ, ಸುದ್ದಿ ಕೇಳಿ, ತಾನೂ ನಕ್ಕು ಒಳಗೆ ಹೋದಳು.

ಸೂಜಿಯ ಜ್ವರದಿಂದ ನನಗೆ ಅಷ್ಟು ದೂರ ಹೋಗಲಾಗಲಿಲ್ಲ, ಅತ್ತೆಯ ಜೊತೆ ಬಸ್ಸಿನಲ್ಲಿ ಊರಿಗೆ ಬಂದೆ. ನಮ್ಮ ಮನೆಯವರು ಲಿಂಗಪ್ಪನನ್ನು ಕೂರಿಸಿಕೊಂಡು ಅಲ್ಲಿಂದಲೇ ಹಾಲಹರವಿಗೆ ಹೊರಟರು. ಅಲ್ಲಿನ ಪಶುವೈದ್ಯರಿಗೆ ನಮ್ಮ ಮಂಡಲದ ಪಶುವೈದ್ಯರು ಫೋನು ಮಾಡಿದ್ದರು. ಒಂದು ಮಂಡಲದ ನಾಯಿಗೆ ಇನ್ನೊಂದು ಮಂಡಲದ ಡಾಕ್ಟರು ಕಾವಲು ನಿಂತರು. ಸಂಜೆ ನಮ್ಮ ಮನೆಯವರ ಫೋನು ಬಂತು. ದನಿ ಒಡೆದಿತ್ತು. "ನೀರು ಕುಡದಾನ. ನಾನಽ ನಿಂತು ನೋಡೀನಿ. ಅರ್ಧ ಬಕೀಟು ಕುಡದಾನ." ನಾನು ಫೋನನ್ನು ಕಿವಿಗೊತ್ತಿಕೊಂಡೇ ಕೂತೆ. ಹಾಲಹರವಿಯ ಯಾವುದೋ ಅಂಗಳದಲ್ಲಿ ಒಂದು ನಾಯಿ ನೀರು ನೆಕ್ಕಿದೆ, ಅದಕ್ಕೆ ಇಲ್ಲಿ ನನ್ನ ಗಂಟಲು ಸಡಿಲವಾಗಿದೆ. ಇಷ್ಟು ದಿನ ನನ್ನ ಜೀವ ನನ್ನ ಮೈಯೊಳಗೆ ಮಾತ್ರ ಇದೆಯೆಂದುಕೊಂಡಿದ್ದೆ.

ಡಾಕ್ಟರು ಹೇಳಿದ ಹತ್ತು ದಿನದ ಗಡುವು ಇನ್ನೂ ಮುಗಿದಿರಲಿಲ್ಲ. ಲಿಂಗಪ್ಪನ ಮಗಳು ರೇಣವ್ವ ದಿನಾ ಬೆಳಿಗ್ಗೆ ಫೋನು ಮಾಡುವುದೆಂದಾಯಿತು. "ಉಂಡೈತಕ್ಕಾ, ತಿಂದೈತಕ್ಕಾ" ಎಂಬ ಮಾತು ಒಂದೇ ದಿನಕ್ಕೆ ನನಗೆ ಸಾಲದಾಯಿತು. ಒಮ್ಮೆ ಸುಳ್ಳು ಕೇಳಿದ ಕಿವಿ. ಆಕೆಯೇ ತಿಳಿದುಕೊಂಡು ಫೋನನ್ನು ಭೈರನ ಮುಂದೆ ಹಿಡಿಯತೊಡಗಿದಳು. ಭೈರ ಫೋನಿಗೆ ಬೊಗಳುತ್ತಿತ್ತು, ಕೋಪದಿಂದ, ಗಂಟಲು ತುಂಬ. ಹುಚ್ಚು ಹಿಡಿಯುವ ನಾಯಿಗೆ ಮೊದಲು ದನಿ ಕೆಡುತ್ತದೆಂದು ಪಶುವೈದ್ಯರು ಹೇಳಿದ್ದರು. ಈ ದನಿಯಲ್ಲಿ ಒಂದು ಬಿರುಕಿರಲಿಲ್ಲ. ಸುದ್ದಿ ಹರಡಿ ನಮ್ಮ ಕಟ್ಟೆಯ ಮೇಲೆ ಓಣಿಯವರು ಸೇರತೊಡಗಿದರು. ಉಪಸರ್ಪಂಚರು ಬೀದಿದೀಪದ ವಿಷಯ ಮಾತಾಡುವ ನೆಪದಲ್ಲಿ ಬಂದು, ಬೊಗಳುವುದನ್ನು ಕೇಳಿಯೇ ಹೋಗುತ್ತಿದ್ದರು.

ಕೊನೆಯ ಬೆಳಗು. ಕಟ್ಟೆ ತುಂಬಿತ್ತು. ಲಿಂಗಪ್ಪನೂ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಫೋನು ಬಂತು, ಸ್ಪೀಕರಿಗೆ ಹಾಕಿದೆವು. ಏನೂ ಕೇಳಲಿಲ್ಲ.

"ಬೊಗಳವಲ್ದಕ್ಕಾ" ಎಂದಳು ರೇಣವ್ವ. "ಸುಮ್ನ ಮಲಗೇತಿ. ಕಣ್ಣು ತಗದೈತಿ, ನನ್ನ ನೋಡಾಕತ್ತೈತಿ. ಏಳವಲ್ದು."

ಲಿಂಗಪ್ಪ ಎದ್ದು ಫೋನಿನ ಹತ್ತಿರ ಬಂದು "ಭೈರಾ, ಏ ಭೈರಾ" ಎಂದು ಕರೆದ. ಉತ್ತರವಿಲ್ಲ. ಇನ್ನೊಮ್ಮೆ ಕರೆದ, ದನಿ ಸೋತಿತು. ನಮ್ಮ ಮನೆಯವರು ನನ್ನನ್ನು ನೋಡಲಾರದೆ ತಿರುಗಿ ನಿಂತರು.

ಆಗ ಅತ್ತೆ ಒಳಗಿನಿಂದ ಬಂದರು. ಹಣೆ ಬರಿದಾಗಿಯೇ ಇತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಫೋನನ್ನು ಕೈಗೆ ತೆಗೆದುಕೊಂಡರು. ಮಲ್ಲಯ್ಯನ ಸೇವೆಯಲ್ಲಿ ಗೊರವಯ್ಯಂದಿರು ಕಂಬಳಿ ಅಂಗಿ ತೊಟ್ಟು, ದೇವರ ಮುಂದೆ ನಾಯಿಯಾಗಿ ಬೊಗಳುವುದನ್ನು ನಾವೆಲ್ಲ ನೋಡಿದ್ದೇವೆ. ಅದು ದೀಕ್ಷೆ ಪಡೆದ ಗಂಡಸರ ಸೇವೆ. ನಮ್ಮೂರಲ್ಲಿ ಯಾವ ಹೆಂಗಸೂ ಅದನ್ನು ಮಾಡಿದವಳಲ್ಲ. ಅತ್ತೆ ಕಣ್ಣು ಮುಚ್ಚಿ, ತಲೆ ಮೇಲಕ್ಕೆತ್ತಿ ಬೊಗಳಿದರು. ಹೊಟ್ಟೆಯಾಳದಿಂದ, ಗೊರವಯ್ಯನಿಗಿಂತ ಜೋರಾಗಿ. ಒಮ್ಮೆ, ಮತ್ತೊಮ್ಮೆ, ನಿಲ್ಲಿಸದೆ. ಓಣಿಯ ನಾಯಿಗಳೆಲ್ಲ ಎದ್ದು ನಿಂತವು. ಕಟ್ಟೆಯ ಮೇಲಿದ್ದ ಒಬ್ಬರೂ ನಗಲಿಲ್ಲ. ಲಿಂಗಪ್ಪ ಕೈ ಮುಗಿದಿದ್ದ.

ಅತ್ತೆ ಉಸಿರಿಗಾಗಿ ನಿಲ್ಲಿಸಿದಾಗ, ಆ ಕಡೆಯಿಂದ ಸರಪಳಿಯ ಸದ್ದಾಯಿತು. ಆಮೇಲೆ ಭೈರ ಬೊಗಳಿತು. ಹಾಲಹರವಿಯ ಆ ಅಂಗಳಕ್ಕೆ ಬೇರೆ ನಾಯಿ ನುಗ್ಗಿದೆಯೆಂಬಂತೆ, ಸರಪಳಿ ಕಿತ್ತುಕೊಂಡು ಬರುವಂತೆ ಬೊಗಳಿತು. "ಎದ್ದೈತಕ್ಕಾ, ಎದ್ದೈತಿ!" ಎಂದು ರೇಣವ್ವ ಕೂಗುತ್ತಿದ್ದದ್ದು ಆ ಗದ್ದಲದಲ್ಲಿ ಅರ್ಧ ಕೇಳಿಸಿತು. ನಾನು ಕಂಬಕ್ಕೆ ಒರಗಿ ಎಲ್ಲರೆದುರಿಗೆ ಗಟ್ಟಿಯಾಗಿ ಅತ್ತುಬಿಟ್ಟೆ.

ಅತ್ತೆ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಬಾಯಿ ಒರೆಸಿಕೊಂಡರು. ಫೋನನ್ನು ಮುಖದ ಹತ್ತಿರ ತಂದು, ಏದುಸಿರಿನಲ್ಲೇ ಕೇಳಿದರು:

"ಉಂಡಿಲ್ಲೇನವ್ವಾ ಅದು ಇನ್ನಾ? ಮೊದಲ ಅದಕ್ಕ ರೊಟ್ಟಿ ಹಾಕು."